ಮಡಚಿಟ್ಟ ಪುಟ

ಕನ್ನಡಕ ತೆಗೆದಿಟ್ಟು ಕನ್ನಡಿಯ ಮುಂದೆ ನಿಂತಾಗ ಮಾತ್ರ ತಸ್ನೀಮ್‌ಗೆ ತನ್ನ ಬಗ್ಗೆ ತಾನೇ ನಿಜ ಹೇಳಿಕೊಳ್ಳುವ ಧೈರ್ಯ ಬರುತ್ತಿತ್ತು. ಆಗ ಎದುರಿನ ಮುಖ ಮಸುಕು ಮಸುಕಾಗಿ, ಯಾರದೋ ಎಂಬಂತೆ ಕಾಣುತ್ತಿತ್ತು. ಆ ಯಾರದೋ ಮುಖಕ್ಕೆ ಅಂದು ಬೆಳಿಗ್ಗೆ ಅವಳು ಮನಸ್ಸಿನಲ್ಲೇ ಒಪ್ಪಿಸಿದ್ದು ಇಷ್ಟು: ಕಥಾಕೂಟದಲ್ಲಿ ಇಷ್ಟು ಕಾಲ ಬಾಯಿ ಬಿಡದೆ ಕೂತವಳು, ಬಾಯಿ ಬಿಟ್ಟ ಒಂದೇ ಸಲ ಸುಳ್ಳು ಹೇಳಿಬಿಟ್ಟೆ.

ಸುಳ್ಳು ಉದ್ದದ್ದೇನಲ್ಲ. ಒಂದು ಇಂಗ್ಲಿಷ್ ಶಬ್ದ. ಪ್ರಿಡಿಕ್ಟೇಬಲ್.

ಕನ್ನಡ ಎಂ.ಎ. ಮುಗಿಸಿದವಳು, ದಿನಾ ಡೈರಿ ಬರೆಯುವವಳು, ಒಂದು ಕನ್ನಡ ಕಥೆಯ ಕತ್ತು ಹಿಚುಕಲು ಇಂಗ್ಲಿಷಿಗೆ ಹೋಗಿದ್ದಳು. ಕನ್ನಡದಲ್ಲಿ ಹೇಳಲು ಹೊರಟಿದ್ದರೆ ನಾಲಗೆ ತಡವರಿಸಿ ಅಲ್ಲೇ ಸಿಕ್ಕಿಬೀಳುತ್ತಿದ್ದಳೋ ಏನೋ.

ಸೀತಾಂಗೋಳಿ ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಒಂದು ವಾಚನಾಲಯ. ಅದನ್ನು ನೋಡಿಕೊಳ್ಳುವ ನಿವೃತ್ತ ಅಧ್ಯಾಪಕ ಜನಾರ್ದನ ಮಾಸ್ಟ್ರು ತಿಂಗಳಿಗೊಂದು ಆದಿತ್ಯವಾರ ಕಥೆ ಓದುವ ಕೂಟ ನಡೆಸುತ್ತಿದ್ದರು. ಅದಕ್ಕೆ ಅವರದೇ ಒಂದು ಕ್ರಮವಿತ್ತು. ಯಾರು ಬೇಕಾದರೂ ಕಥೆ ಬರೆದು ಪೆಟ್ಟಿಗೆಗೆ ಹಾಕಬಹುದು, ಹೆಸರು ಹಾಕುವಂತಿಲ್ಲ. ಕೊನೆಯ ಪುಟವನ್ನು ಬರೆದವರೇ ಮಡಚಿ ಪಿನ್ನು ಚುಚ್ಚಿ ಕೊಡಬೇಕು. ಮಾಸ್ಟ್ರು ಕಥೆಯನ್ನು ಅಲ್ಲಿವರೆಗೆ ಓದಿ ನಿಲ್ಲಿಸುವರು, ಮಡಚಿದ ಪುಟವನ್ನು ಅಂಗಿಯ ಕಿಸೆಗೆ ಸೇರಿಸುವರು. ಕೂತವರೆಲ್ಲ ಮುಂದೇನಾಗುತ್ತದೆಂದು ಸರದಿಯಂತೆ ಹೇಳಬೇಕು. ಆಮೇಲೆ ಪಿನ್ನು ತೆಗೆದು ಆ ಪುಟ ಓದುವುದು. ಆಗ ಬರೆದವರು ಎದ್ದು ನಿಲ್ಲುವರು. ಆ ದಿನದ ಮೊದಲ ಗ್ಲಾಸು ಚಹಾ ಅವರಿಗೆ.

ಇನ್ನೊಂದು ನಿಯಮವೂ ಇತ್ತು. ಯಾರಾದರೊಬ್ಬರು ‘ಕೊನೆ ಗೊತ್ತೇ ಉಂಟು, ಓದುವುದು ಬೇಡ’ ಎಂದು, ಉಳಿದವರೂ ಹೂಂಗುಟ್ಟಿದರೆ ಪುಟ ಮಡಚಿದ ಹಾಗೆಯೇ ಪೆಟ್ಟಿಗೆಗೆ ವಾಪಸು. ಇದನ್ನು ಮಾಸ್ಟ್ರು ತಮಾಷೆಗೆ ಮಾಡಿಟ್ಟದ್ದು. ಯಾರೂ ಅದನ್ನು ಬಳಸಿದವರಿರಲಿಲ್ಲ, ಕಳೆದ ತಿಂಗಳು ತಸ್ನೀಮ್ ಬಾಯಿ ತೆರೆಯುವವರೆಗೆ.

ಸರದಿ ಬಂದಾಗಲೆಲ್ಲ ಅವಳು ತಲೆ ಅಲ್ಲಾಡಿಸಿ ಪಕ್ಕದವರ ಕಡೆ ಕೈ ತೋರಿಸುವವಳು. ಕಿಟಕಿಯ ಹತ್ತಿರದ ಕುರ್ಚಿ ಅವಳದ್ದು. ಪಕ್ಕದ್ದು ಅವಳ ದೊಡ್ಡಮ್ಮನ ಮಗಳು ನಸೀಬಾಳದ್ದು. ಎದುರು ಸಾಲಿನ ತುದಿಯಲ್ಲಿ ಅಶ್ಕರ್ ಕೂರುತ್ತಿದ್ದ. ಮೊಗ್ರಾಲಿನವನು, ಕುಂಬಳೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವನ ಕಿಸೆಯಲ್ಲಿ ಯಾವಾಗಲೂ ಒಂದು ಹಳದಿ ಬಟ್ಟೆಯ ತುಂಡು. ಕೂಟ ಶುರುವಾಗುವ ಮೊದಲು ಬಸ್ ಡ್ರೈವರ್ ಆಗಿ ನಿವೃತ್ತರಾದ ಉಗ್ಗಪ್ಪಣ್ಣನ ಕನ್ನಡಕ ಇಸಕೊಂಡು ಉಜ್ಜಿ ಕೊಡುವುದು ಅವನ ಕ್ರಮ. ಉಗ್ಗಪ್ಪಣ್ಣ ಅದನ್ನು ಹಾಕಿಕೊಂಡು ಸುತ್ತ ನೋಡಿ, “ಓ, ಇವತ್ತು ಎಲ್ಲರೂ ಚಂದ ಇದ್ದಾರೆ ಮಾರಾಯ” ಎನ್ನುವುದು ಅವರ ಕ್ರಮ. ಆ ಮಾತಿಗೆ ಅಶ್ಕರ್ ನಗುತ್ತಾ ಕಿಟಕಿಯ ಕಡೆ ಒಂದು ಗಳಿಗೆ ನೋಡುತ್ತಿದ್ದ. ಕಿಟಕಿಯನ್ನೋ ಕಿಟಕಿಯ ಹತ್ತಿರ ಕೂತವಳನ್ನೋ ಎಂಬುದನ್ನು ತಸ್ನೀಮ್ ಡೈರಿಯಲ್ಲಿ ಎಷ್ಟು ಬರೆದರೂ ತೀರ್ಮಾನಕ್ಕೆ ಬಂದಿರಲಿಲ್ಲ.

ಇಬ್ಬರ ಮನೆಮಾತೂ ಬ್ಯಾರಿ. ಆದರೂ ಇಬ್ಬರೂ ಒಬ್ಬರೊಂದಿಗೊಬ್ಬರು ಕನ್ನಡದಲ್ಲೇ ಮಾತಾಡುತ್ತಿದ್ದರು. ಬ್ಯಾರಿಯಲ್ಲಿ ಮಾತಾಡಿದರೆ ಒಂದೇ ಮನೆಯವರಂತೆ ಆಗಿಬಿಡುತ್ತದೆ. ಅಷ್ಟು ಹತ್ತಿರ ಹೋಗಲು ಇಬ್ಬರಿಗೂ ನಾಚಿಕೆ.

ಪರಿಚಯವಾದದ್ದು ಅವನ ಅಂಗಡಿಯಲ್ಲೇ, ಅದೂ ಒಂದು ಮರ್ಯಾದೆ ಹೋದ ಕಥೆ. ಹೆಣ್ಣು ನೋಡಲು ಬರುವವರ ಎದುರು ಕನ್ನಡಕ ಬೇಡ ಎಂದು ಉಮ್ಮ ಹೇಳಿದ್ದರಿಂದ, ಕಣ್ಣು ಸರಿ ಉಂಟೆಂದು ತೋರಿಸಲೇಬೇಕೆಂದು ತಸ್ನೀಮ್ ಹಠ ಹಿಡಿದಿದ್ದಳು. ನಸೀಬಾಳ ಜೊತೆ ಹೋಗಿ, ತನ್ನ ಸರದಿಗೆ ಕಾಯುತ್ತಾ ಗೋಡೆಯ ಅಕ್ಷರದ ಬೋರ್ಡಿನ ಹತ್ತಿರ ಸುಳಿದಾಡಿ, ಕೊನೆಯ ಸಾಲನ್ನು ಬಾಯಿಪಾಠ ಮಾಡಿದಳು. ಕುರ್ಚಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ, ಅಶ್ಕರ್ ಕೇಳುವ ಮೊದಲೇ ಒಪ್ಪಿಸಿದಳು: ಟ, ರ, ವ, ಗ, ಪ.

ಅಶ್ಕರ್ ಬೋರ್ಡನ್ನೂ ಅವಳನ್ನೂ ನೋಡಿದ. ಆಮೇಲೆ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ.

“ಬೋರ್ಡು ತಿರುಗಿಸಿದ್ದೇನೆ. ಇದು ಮಲಯಾಳದ ಬದಿ.”

ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಸಿಟ್ಟು ಮಾಡಿಕೊಂಡು ಮರೆತುಬಿಡಬಹುದಿತ್ತು. ತುಟಿ ಬಿಗಿಹಿಡಿದು, ಕಣ್ಣಲ್ಲಿ ಮಾತ್ರ ನಗುವನ್ನು ಬಚ್ಚಿಟ್ಟುಕೊಂಡು, ಒಂದೊಂದೇ ಗಾಜು ಹಾಕಿ ತೆಗೆದು, ‘ಈಗ?’, ‘ಈಗ?’ ಎಂದು ತಾಳ್ಮೆಯಿಂದ ಕೇಳಿದ. ಕೊನೆಗೊಂದು ಗಾಜಿನಲ್ಲಿ ಮೊದಲು ಸ್ಪಷ್ಟವಾದದ್ದು ಅಕ್ಷರವಲ್ಲ, ಅವನ ಮುಖ.

ಹೊಸ ಕನ್ನಡಕ ಬಂತು. ಅದರ ಕಡ್ಡಿಯ ಸ್ಕ್ರೂ ಆಗಾಗ ಸಡಿಲವಾಗುತ್ತಿತ್ತು. ತಸ್ನೀಮ್ ಆಗಾಗ ಕುಂಬಳೆಗೆ ಹೋಗುತ್ತಿದ್ದಳು. ಅವನು ಬಿಗಿದು ಕೊಡುತ್ತಿದ್ದ, ಕಾಸು ಬೇಡ ಎನ್ನುತ್ತಿದ್ದ, ಈಗ ಯಾವ ಪುಸ್ತಕ ಓದುತ್ತಿದ್ದೀರಿ ಎಂದು ಕೇಳುತ್ತಿದ್ದ. ಸ್ಕ್ರೂ ಸಡಿಲವಾಗುವುದು ಉಮ್ಮನ ಹೊಲಿಗೆ ಮೆಷಿನಿನ ಸಣ್ಣ ಸ್ಕ್ರೂಡ್ರೈವರಿನಿಂದ ಎಂಬುದು ಅವಳಿಗೂ ಮೇಲಿರುವ ಅಲ್ಲಾಹನಿಗೂ ಮಾತ್ರ ಗೊತ್ತು ಎಂದುಕೊಂಡಿದ್ದಳು.

ಕಳೆದ ತಿಂಗಳು ಮಾಸ್ಟ್ರು ಓದತೊಡಗಿದ ಕಥೆ ಕನ್ನಡಕದ ಅಂಗಡಿಯೊಂದರಲ್ಲಿ ಶುರುವಾಯಿತು. ಅಕ್ಷರದ ಬೋರ್ಡಿನ ತಪ್ಪು ಬದಿಯನ್ನು ಒಪ್ಪಿಸುವ ಹುಡುಗಿ ಬಂದಾಗ ಎಲ್ಲರೂ ನಕ್ಕರು. ತಸ್ನೀಮ್‌ಳ ಕಿವಿ ಬಿಸಿಯಾಯಿತು. ಅಶ್ಕರ್ ಉಗ್ಗಪ್ಪಣ್ಣನ ಕನ್ನಡಕ ಉಜ್ಜುತ್ತಲೇ ಇದ್ದ. ಕಥೆಯ ಹುಡುಗಿ ಮತ್ತೆ ಮತ್ತೆ ಅಂಗಡಿಗೆ ಬರುತ್ತಾಳೆ, ಹುಡುಗ ಮತ್ತೆ ಮತ್ತೆ ಸ್ಕ್ರೂ ಬಿಗಿಯುತ್ತಾನೆ. ಆಮೇಲೆ ಮಾಸ್ಟ್ರ ಗಂಟಲಿನಿಂದ ಈ ಸಾಲು ಬಂತು: ಸ್ಕ್ರೂವಿನ ತಲೆಯ ಮೇಲೆ ಪ್ರತಿ ಸಲವೂ ಒಂದೊಂದು ಹೊಸ ಗೀರು ಇರುತ್ತಿತ್ತು. ತಾನಾಗಿ ಸಡಿಲವಾಗುವ ಸ್ಕ್ರೂವಿಗೆ ಗೀರು ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅವನಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಕಾಸು ಬೇಡ ಎಂದಾಗಲೂ, ಪುಸ್ತಕ ಕೇಳಿದಾಗಲೂ. ತಸ್ನೀಮ್‌ಗೆ ತುಂಬಿದ ಸಭೆಯಲ್ಲಿ ತಲೆಯ ಶಾಲು ಜಾರಿದಂತಾಯಿತು. ನಸೀಬಾ ನಿಧಾನಕ್ಕೆ ಕುತ್ತಿಗೆ ಹೊರಳಿಸಿ ಅವಳನ್ನು ನೋಡಿದಳು. ನಸೀಬಾಳಿಗೆ ಗೊತ್ತಾದರೆ ರಾತ್ರಿಯ ಇಶಾ ಬಾಂಗಿನೊಳಗೆ ಎರಡು ಮನೆಗಳಿಗೂ ಗೊತ್ತಾದಂತೆ.

ಹುಡುಗ ಒಂದು ಸಂಜೆ ಅವಳಿಗೆ ಏನೋ ಹೇಳಬೇಕೆಂದು ಅಂಗಡಿಯ ಮೆಟ್ಟಿಲಿಳಿಯುವಲ್ಲಿಗೆ ಮಾಸ್ಟ್ರು ನಿಲ್ಲಿಸಿ, ಕೊನೆಯ ಪುಟವನ್ನು ಕಿಸೆಗೆ ಹಾಕಿಕೊಂಡರು. ಅಂಗನವಾಡಿ ಟೀಚರ್ ತುಂಗಕ್ಕ, ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿರುತ್ತದೆ, ಅಳುತ್ತಾಳೆ ಎಂದರು. ಉಗ್ಗಪ್ಪಣ್ಣ, ಹುಡುಗನಿಗೆ ಧೈರ್ಯ ಸಾಲದೆ ಬಸ್ಸು ಬಿಟ್ಟು ಹೋಗುತ್ತದೆ ಎಂದರು. ಸರದಿ ಕಿಟಕಿಯ ಹತ್ತಿರ ಬಂತು. ಪಕ್ಕಕ್ಕೆ ಕೈ ತೋರಿಸಿದರೆ ನಸೀಬಾಳ ಊಹೆ ನಿಜವೇ ಆಗಿಬಿಡುತ್ತದೆ. ತನಗೂ ಈ ಕಥೆಗೂ ಸಂಬಂಧವಿಲ್ಲ ಎಂದು ತೋರಿಸಬೇಕು.

“ಪ್ರಿಡಿಕ್ಟೇಬಲ್” ಎಂದಳು ತಸ್ನೀಮ್. ತನ್ನ ಸ್ವರ ಅಷ್ಟು ಗಟ್ಟಿ ಇರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. “ಅವನು ಇಷ್ಟ ಅಂತಾನೆ. ಅವಳು ಹೂಂ ಅಂತಾಳೆ. ಇಂಥದ್ದು ಎಷ್ಟು ಓದಿಲ್ಲ? ಕೊನೆ ಓದುವುದೇ ಬೇಡ ಮಾಸ್ಟ್ರೇ.”

ಎಂದೂ ಮಾತಾಡದವಳು ಮಾತಾಡಿದ್ದೇ ದೊಡ್ಡದಾಯಿತು. ಎಂ.ಎ. ಓದಿದವಳು ಬೇರೆ. ತಲೆಗಳು ಒಂದೊಂದಾಗಿ ಹೂಂಗುಟ್ಟಿದವು. ಉಗ್ಗಪ್ಪಣ್ಣ ಮಾತ್ರ ಗೊಣಗಿದರು: “ಗೊತ್ತಿದ್ದರೆ ಎಂತ ಮಗಾ? ಬಸ್ಸಿಗೆ ಬೋರ್ಡ್ ಇರ್ತದಲ್ಲ. ಎಲ್ಲಿಗೆ ಹೋಗ್ತದೆ ಅಂತ ನೋಡಿಯೇ ಜನ ಹತ್ತುವುದು. ಬೋರ್ಡ್ ಇಲ್ಲದ ಬಸ್ಸಿಗೆ ಯಾರು ಹತ್ತುತ್ತಾರೆ?” ಎಲ್ಲರೂ ನಕ್ಕರು. ಆದರೆ ನಿಯಮ ನಿಯಮವೇ. ಮಾಸ್ಟ್ರು ಪುಟವನ್ನು ಪಿನ್ನು ತೆಗೆಯದೆ ಪೆಟ್ಟಿಗೆಗೆ ಹಾಕಿ, ಬರೆದವರು ಏಳಬಹುದು ಎಂದರು.

ಯಾರೂ ಏಳಲಿಲ್ಲ. ಅಶ್ಕರ್ ಉಗ್ಗಪ್ಪಣ್ಣನ ಕನ್ನಡಕವನ್ನು ಅವರ ಕೈಗೆ ಕೊಟ್ಟು, ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ. ಕಿಟಕಿಯ ಕಡೆ ನೋಡಲಿಲ್ಲ. ಮೊದಲ ಗ್ಲಾಸು ಚಹಾ ಮೇಜಿನ ಮೇಲೆ ಹಾಗೇ ಇತ್ತು. ಎಲ್ಲರೂ ಇಳಿದು ಹೋಗುವಾಗ ಅದರ ಮೇಲೆ ದಪ್ಪ ಕೆನೆ ಕಟ್ಟಿತ್ತು.

ದಾರಿಯಲ್ಲಿ ನಸೀಬಾ ಒಂದೇ ಮಾತು ಹೇಳಿದಳು. “ನಾನು ಯಾರ ಹತ್ರವೂ ಹೇಳುತ್ತಿರಲಿಲ್ಲ ಮಾರಾಯ್ತಿ. ನೀನು ಅವನ ಮುಖ ನೋಡಿದ್ದೀಯಾ?”

ನೋಡಿರಲಿಲ್ಲ. ನೋಡಬಾರದೆಂದೇ ಕನ್ನಡಕವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಅದಾದ ಮೇಲೆ ಆ ಶಬ್ದ ಅವಳನ್ನು ಬಿಡಲಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ ಅದನ್ನೇ ತಿರುಗಿಸಿ ನೋಡುತ್ತಿದ್ದಳು. ಕಥೆಯೊಂದನ್ನು ಜನ ಹಾಗೆನ್ನುವಾಗ ಹೇಳುವುದೇನು? ಇದನ್ನು ಮೊದಲೇ ಎಷ್ಟೋ ಸಲ ಓದಿದ್ದೇವೆ ಎಂದು ಕೆಲವರು. ಬರೆದವನು ಮನುಷ್ಯರನ್ನು ನೋಡಲಿಲ್ಲ, ಹಳೆಯ ಅಚ್ಚಿಗೆ ಹೊಸ ಹಿಟ್ಟು ಹಾಕಿದ ಎಂದು ಇನ್ನು ಕೆಲವರು. ನನ್ನನ್ನು ಮರುಳು ಮಾಡಲು ಆಗದು, ನಾನು ಜಾಣೆ ಎಂದು ತೋರಿಸಿಕೊಳ್ಳಲೂ ಹಾಗೆನ್ನುವವರುಂಟು. ತಾನು ಹೇಳಿದ್ದು ಇದ್ಯಾವುದೂ ಅಲ್ಲ. ಬರೆದವನು ನೋಡಿದ್ದ. ಸ್ಕ್ರೂವಿನ ಗೀರನ್ನು ಸಹ ನೋಡಿದ್ದ. ಅಷ್ಟು ನೋಡಿದವನಿಗೆ ಅವಳು ಏನೂ ನೋಡಿಲ್ಲ ಎಂದಿದ್ದಳು.

ವಾರ ಕಳೆಯುವಷ್ಟರಲ್ಲಿ ಸ್ಕ್ರೂ ನಿಜಕ್ಕೂ ಸಡಿಲವಾಗಿ ಎಲ್ಲೋ ಬಿದ್ದುಹೋಯಿತು. ಕುಂಬಳೆಗೆ ಹೋಗುವ ಮುಖವಿರಲಿಲ್ಲ. ಕಡ್ಡಿಗೆ ಟೇಪು ಸುತ್ತಿಕೊಂಡಳು.

ಒಂದು ಶುಕ್ರವಾರ ಅವಳ ಉಪ್ಪ ಅಬ್ದುಲ್ ರಹಿಮಾನ್ ಜುಮಾ ನಮಾಜು ಮುಗಿಸಿ ತಮ್ಮ ಬೇಕರಿಗೆ ಹೋಗದೆ ಮನೆಗೆ ಬಂದರು. ಉಮ್ಮ ಶೋಕೇಸಿನಿಂದ ಹೊಸ ಗ್ಲಾಸುಗಳನ್ನು ತೆಗೆದು ಅವು ಬಂದ ರಟ್ಟಿನ ಪೆಟ್ಟಿಗೆಗೇ ತಿರುಗಿ ತುಂಬುತ್ತಿದ್ದರು. ಅವು ಯಾವಾಗ ಬಂದವೆಂದು ತಸ್ನೀಮ್‌ಗೆ ಗೊತ್ತಿರಲಿಲ್ಲ. ಕೇಳಿದಾಗ ಸಂಗತಿ ತುಂಡು ತುಂಡಾಗಿ ಹೊರಬಂತು. ಮೊಗ್ರಾಲಿನ ನಬೀಸುಮ್ಮ ತಮ್ಮ ಮಗನಿಗೆ ಅವಳನ್ನು ಕೇಳಲು ಬರುವವರಿದ್ದರಂತೆ, ಕುಂಬಳೆಯ ಕನ್ನಡಕದ ಅಂಗಡಿಯಲ್ಲಿರುವ ಹುಡುಗ. ಮಗನೇ ತನ್ನ ಉಮ್ಮನ ಹತ್ತಿರ ಹೇಳಿ ಕಳಿಸುತ್ತಿರುವುದಂತೆ. ಕನ್ನಡಕ ಇದ್ದರೂ ತೊಂದರೆ ಇಲ್ಲ ಎಂದು ಅವರಾಗಿಯೇ ಹೇಳಿದ್ದಕ್ಕೆ ಉಮ್ಮ ಸಂತೋಷದಲ್ಲಿ ಗ್ಲಾಸು ತರಿಸಿದ್ದು. ಗಟ್ಟಿಯಾದ ಮೇಲೆ ಮಗಳಿಗೆ ಹೇಳುವ ಎಂದಿದ್ದರು. ಈಗ ಬೇಡ ಅಂತಿದ್ದಾನೆ ಮಗ ಎಂದು ನಬೀಸುಮ್ಮ ಫೋನು ಮಾಡಿದ್ದರು.

ತಸ್ನೀಮ್ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನಮ್ಮಲ್ಲಿ ಎಂತದೋ ಕೊರತೆ ಕಂಡಿರಬೇಕು” ಎಂದರು ಉಮ್ಮ, ಗ್ಲಾಸೊಂದನ್ನು ಪೇಪರಿನಲ್ಲಿ ಸುತ್ತುತ್ತಾ. “ಬಣ್ಣ ಅಂತಲೋ, ಮನೆ ಸಣ್ಣದು ಅಂತಲೋ. ನಾನು ನಿನ್ನನ್ನು ಬಿಸಿಲಿಗೆ ಕಳಿಸಬಾರದಿತ್ತು.”

ಮಗಳ ತಪ್ಪಿಗೆ ಉಮ್ಮ ತಮ್ಮಲ್ಲಿ ಕಾರಣ ಹುಡುಕುತ್ತಿದ್ದರು. ಅಲ್ಲ ಉಮ್ಮ, ನನ್ನದೇ ಬಾಯಿ ಎಂದು ಹೇಳಲು ಹೊರಟ ತಸ್ನೀಮ್, ಹೇಳದೆ ಹತ್ತಿರ ಕೂತು ಗ್ಲಾಸು ಸುತ್ತಲು ಕೈಜೋಡಿಸಿದಳು. ಆ ದಿನ ಡೈರಿ ತೆರೆದು ತಾರೀಕು ಬರೆದಳು, ಅದರ ಕೆಳಗೆ ಪೆನ್ನು ಹೋಗಲಿಲ್ಲ. ತನ್ನೊಳಗೇ ಇಟ್ಟುಕೊಂಡು ಬರೆಯುವ ನಿಜದ ಮೇಲೆಯೇ ಅವಳಿಗೆ ಮೊದಲ ಸಲ ಹೇಸಿಗೆ ಹುಟ್ಟಿತ್ತು.

ಮುಂದಿನ ಕೂಟದ ಆದಿತ್ಯವಾರ ಬಂತು. ಕನ್ನಡಿಯ ಎದುರು ಒಪ್ಪಿಸಿದ್ದು ಅಂದೇ ಬೆಳಿಗ್ಗೆ. ಅವನು ಬಂದಿರಲಾರ ಎಂಬ ಧೈರ್ಯದಲ್ಲಿ ಅವಳು ಹೋದದ್ದು, ಬಂದಿರಲಿ ಎಂಬ ಆಸೆಯಲ್ಲಿ ಮೆಟ್ಟಿಲು ಹತ್ತಿದ್ದು.

ಬಂದಿದ್ದ. ಓದಲು ಒಯ್ದಿದ್ದ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತಂದು ಮಾಸ್ಟ್ರ ಮೇಜಿನ ಮೇಲೆ ಇಟ್ಟಿದ್ದ. ಅಂಗಡಿಯವರು ಪಯ್ಯನ್ನೂರಿನಲ್ಲಿ ಹೊಸ ಶಾಖೆ ತೆರೆದಿದ್ದಾರೆ, ಯಾರಾದರೂ ಹೋಗಬೇಕಿತ್ತು, ತಾನು ಒಪ್ಪಿಕೊಂಡೆ ಎನ್ನುತ್ತಿದ್ದ. ಇನ್ನು ಆದಿತ್ಯವಾರ ಬರಲಾಗದು. ನನ್ನ ಕನ್ನಡಕದ ಗತಿ ಎಂತ ಎಂದು ಉಗ್ಗಪ್ಪಣ್ಣ ಕೇಳಿದರು. ಅವನು ಹಳದಿ ಬಟ್ಟೆಯನ್ನೇ ತೆಗೆದು ಅವರ ಕೈಯಲ್ಲಿಟ್ಟ.

ಚಹಾಕ್ಕೆ ಗ್ಲಾಸು ತೊಳೆಯುವ ಪಾಳಿ ಅಂದು ತಸ್ನೀಮ್‌ಳದ್ದು. ಹಿಂದಿನ ಬಾಲ್ಕನಿಯ ನಲ್ಲಿಯ ಕೆಳಗೆ ಅವಳು ಗ್ಲಾಸು ಹಿಡಿದಿದ್ದಾಗ, ಕೊನೆಯ ಸಲ ಕೈ ತೊಳೆಯಲೆಂದು ಅವನು ಬಂದ. ತಿರುಗಿ ಹೋಗಲು ಹೊರಟವನು ಟೇಪು ಸುತ್ತಿದ ಕನ್ನಡಕ ನೋಡಿ ನಿಂತ.

“ಈ ಸಲ ತಾನಾಗಿಯೇ ಬಿದ್ದದ್ದಾ?”

ಅವಳು ಹೌದೆಂದು ತಲೆ ಆಡಿಸಿದಳು. ಅವನು ಕೈ ಚಾಚಿದ. ಒದ್ದೆ ಕೈಯಿಂದ ಅವಳು ಕನ್ನಡಕ ತೆಗೆದುಕೊಟ್ಟಳು. ಕಿಸೆಯಿಂದ ಸಣ್ಣ ಡಬ್ಬಿ ಹೊರಬಂತು. ಅದರಲ್ಲಿ ಸಾಸಿವೆಯಂಥ ಸ್ಕ್ರೂಗಳು. ಅವನು ಟೇಪು ಬಿಡಿಸಿ, ತಲೆ ಬಗ್ಗಿಸಿ, ಒಂದನ್ನು ಹಾಕಿ ತಿರುಗಿಸತೊಡಗಿದ. ಅವಳಿಗೆ ಅವನ ಬೆರಳು ಕಾಣುತ್ತಿರಲಿಲ್ಲ, ಮಸುಕು ಮಾತ್ರ. ಆಗ ಅವನು ಮೊದಲ ಸಲ ಬ್ಯಾರಿಯಲ್ಲಿ, ಮನೆಯ ಒಳಗಿನ ಸ್ವರದಲ್ಲಿ, ಏಕವಚನದಲ್ಲಿ ಕೇಳಿದ.

“ಆ ಪುಟದಲ್ಲಿ ಎಂತ ಬರೆದಿತ್ತು ಅಂತ ನಿನಗೆ ಗೊತ್ತಾ?”

ನಲ್ಲಿ ಹರಿಯುತ್ತಲೇ ಇತ್ತು. ಅವಳು ನಿಲ್ಲಿಸಲಿಲ್ಲ.

“ಏನೂ ಇರಲಿಲ್ಲ. ಖಾಲಿ ಹಾಳೆ ಮಡಚಿ ಪಿನ್ನು ಚುಚ್ಚಿ ಕೊಟ್ಟಿದ್ದೆ. ಮುಂದೆ ಎಂತ ಅಂತ ನನಗೇ ಗೊತ್ತಿರಲಿಲ್ಲ. ನಿನ್ನ ಸರದಿ ಬಂದಾಗ ನೀನು ಎಂತ ಹೇಳ್ತೀಯೋ ನೋಡುವ, ಆಮೇಲೆ ಉಮ್ಮನನ್ನು ಕಳಿಸುವ ಅಂತ ಇದ್ದೆ.” ಅವನು ಸ್ಕ್ರೂವನ್ನು ಕೊನೆಯ ಸುತ್ತು ಬಿಗಿದ. “ನಮ್ಮದೇ ಕಥೆ ಅಂತ ಗೊತ್ತಿದ್ದೂ ಓದುವುದೇ ಬೇಡ ಅಂದಿ. ಅದಕ್ಕೆ ಉಮ್ಮನ ಹತ್ರ ಬೇಡ ಅಂದದ್ದು. ನಿನ್ನನ್ನು ಎಲ್ಲರ ಎದುರು ಕಥೆ ಮಾಡಿದ್ದು ನನ್ನದೂ ತಪ್ಪೇ.”

ಅವನು ಕನ್ನಡಕ ಕೊಟ್ಟು ಒಳಗೆ ಹೋದ. ತಸ್ನೀಮ್ ಕೈಯಲ್ಲಿದ್ದ ಗ್ಲಾಸನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. ಬೋರ್ಡು ತಿರುಗಿಸಿದ್ದನ್ನು ನೋಡದೆ ಬಾಯಿಪಾಠ ಒಪ್ಪಿಸಿದ ಹುಡುಗಿ ಮತ್ತೆ ಅದನ್ನೇ ಮಾಡಿದ್ದಳು. ಖಾಲಿ ಹಾಳೆಯನ್ನು ಗಟ್ಟಿ ಸ್ವರದಲ್ಲಿ ಓದಿಬಿಟ್ಟಿದ್ದಳು. ಅಲ್ಲಿ ಇಲ್ಲದ ಸಾಲುಗಳು ಅವಳಿಗೆ ಕಂಡದ್ದೆಲ್ಲಿಂದ? ಅವನು ಇಷ್ಟ ಅಂತಾನೆ, ಅವಳು ಹೂಂ ಅಂತಾಳೆ. ಅದು ಅವನು ಬರೆದದ್ದಲ್ಲ. ಹಾಗಾದರೆ ಬರೆದವಳು ಯಾರು?

ಒಳಗೆ ಮಾಸ್ಟ್ರು ಆ ದಿನದ ಕಥೆ ಓದುತ್ತಿದ್ದರು. ಸಾಕಿದ ದನ ಕಳೆದುಹೋದ ಕಥೆ. ತಸ್ನೀಮ್‌ಗೆ ದನದ ಬಣ್ಣವೂ ತಲೆಗೆ ಹೋಗಲಿಲ್ಲ. ಕೊನೆಯ ಪುಟ ಕಿಸೆಗೆ ಹೋಯಿತು. ದನ ತಾನಾಗಿ ಹಟ್ಟಿಗೆ ಬರುತ್ತದೆ ಎಂದರು ತುಂಗಕ್ಕ. ಬರುವಾಗ ಕರು ಹಾಕಿರುತ್ತದೆ ಎಂದರು ಉಗ್ಗಪ್ಪಣ್ಣ. ಅಶ್ಕರ್ ಬಾಗಿಲ ಹತ್ತಿರ ಖಾಲಿ ಚೀಲ ಮಡಚಿ ಹಿಡಿದು ನಿಂತಿದ್ದ, ಕುಂಬಳೆ ಬಸ್ಸಿನ ಹಾರ್ನು ಕೇಳಿದರೆ ಇಳಿಯುವವನಂತೆ.

“ತಸ್ನೀಮ್‌ಗೆ ಎಂತ ಕಾಣ್ತದೆ? ಇದೂ ಗೊತ್ತುಂಟಾ?” ಎಂದರು ಮಾಸ್ಟ್ರು ನಗುತ್ತಾ.

ಅವಳು ಎದ್ದು ನಿಂತಳು. ಅಲ್ಲಿ ಬರೆದವರ ಹೊರತು ಯಾರೂ ಎದ್ದು ನಿಲ್ಲುವ ಕ್ರಮವಿಲ್ಲ. ಕುರ್ಚಿಗಳು ಕಿರುಗುಟ್ಟಿ, ಎಲ್ಲರ ಮುಖ ಅವಳ ಕಡೆ ತಿರುಗಿತು. ನಸೀಬಾ ಅವಳ ಶಾಲಿನ ತುದಿಯನ್ನು ಮೆಲ್ಲಗೆ ಹಿಡಿದಳು, ಎಳೆಯಲಿಲ್ಲ.

“ಈ ಕಥೆದ್ದಲ್ಲ ಮಾಸ್ಟ್ರೇ. ಹೋದ ತಿಂಗಳದ್ದು.”

ಅಭ್ಯಾಸದಂತೆ ಕೈ ಕನ್ನಡಕದ ಕಡೆ ಹೋಯಿತು, ತೆಗೆದುಬಿಟ್ಟರೆ ಎಲ್ಲರೂ ಮಸುಕಾಗುತ್ತಾರೆ, ಹೇಳುವುದು ಸುಲಭ. ಬೆರಳು ಹೊಸ ಸ್ಕ್ರೂವಿಗೆ ತಾಗಿತು. ಬಿಗಿಯಾಗಿತ್ತು. ಅವಳು ಕೈ ಇಳಿಸಿದಳು. ಬಾಗಿಲ ಹತ್ತಿರದ ಮುಖ ರೆಪ್ಪೆ ಸಹಿತ ಕಾಣುತ್ತಿತ್ತು, ಅಂದು ಅಂಗಡಿಯ ಆ ಕೊನೆಯ ಗಾಜಿನಲ್ಲಿ ಕಂಡ ಹಾಗೆಯೇ.

“ಆವತ್ತು ಕೊನೆ ಎಂತ ಅಂತ ನಾನು ಹೇಳಿದೆನಲ್ಲ” ಎಂದಳು ತಸ್ನೀಮ್, ಅವನನ್ನೇ ನೋಡುತ್ತಾ. “ಅದು ನನ್ನ ಊಹೆ ಅಲ್ಲ. ನನ್ನ ಆಸೆ.”